ಕಾಡಿನ ಊಟ ಟೀವಿಗೆ ಬಂದಾಗ: ನೋಡುಗರ ತಕರಾರಿಗೂ ಒಂದು ಚರಿತ್ರೆ ಇದೆ

ಟೀವಿಯಲ್ಲಿ ಯಾರಾದರೂ ಕಾಡಿಗೆ ಹೋಗಿ ಸೊಪ್ಪು ಕಿತ್ತು, ಗಡ್ಡೆ ಅಗೆದು, ಅಲ್ಲೇ ಮೂರು ಕಲ್ಲಿಟ್ಟು ಬೇಯಿಸಿ ತಿಂದರೆ ಪೇಟೆಯವರಿಗೆ ಅದು ಸಾಹಸ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ ಕಡೆ ನೋಡುವ ರೀತಿಯೇ ಬೇರೆ. ಇಲ್ಲಿನ ಮನೆಗಳಲ್ಲಿ ಆ ಸೊಪ್ಪಿನ ಗುರುತು ಇರುವವರು ಒಬ್ಬರಾದರೂ ಇರುತ್ತಾರೆ. ಅವರು ಸುಮ್ನೆ ನೋಡುವುದಿಲ್ಲ, ತಪ್ಪು ಹಿಡಿಯುತ್ತಾರೆ. ನೀರಲ್ಲಿ ಹಾಕಲೇ ಇಲ್ಲ ಅಲ್ವಾ? ಹುಳಿ ಎಲ್ಲಿ? ಈ ತಿಂಗಳಲ್ಲಿ ಅದು ಎಲ್ಲಿ ಸಿಕ್ಕಿತು ಇವರಿಗೆ?

ಇದನ್ನು ಹಳಬರ ಗೊಣಗಾಟ ಅಂತ ಬಿಟ್ಟುಬಿಡಬಾರದು. ಕಾಡಿನ ಊಟ ಟೀವಿಗೆ ಬಂದ ದಿನದಿಂದಲೂ ನೋಡುಗರು ಒಂದಲ್ಲ ಒಂದು ತಕರಾರು ಎತ್ತುತ್ತಲೇ ಬಂದಿದ್ದಾರೆ. ಆ ತಕರಾರುಗಳು ಕಾಲಕಾಲಕ್ಕೆ ಬದಲಾಗಿವೆ. ನಮ್ಮ ಕಡೆಯವರು ಕೇಳುವ ಪ್ರಶ್ನೆ ಅವೆಲ್ಲಕ್ಕಿಂತ ಮುಖ್ಯವಾದದ್ದು ಅಂತ ನನಗೆ ಅನಿಸುತ್ತದೆ.

ಮೊದಲು ಅಮೆರಿಕಕ್ಕೆ ಹೋಗೋಣ. ಅಲ್ಲಿ ಯೂವೆಲ್ ಗಿಬ್ಬನ್ಸ್ ಅನ್ನುವವರು 1962ರಲ್ಲಿ ಕಾಡುಸೊಪ್ಪು, ಕಾಡುಕಾಯಿಗಳ ಬಗ್ಗೆ ಒಂದು ಪುಸ್ತಕ ಬರೆದು ಮನೆಮಾತಾದರು. 1970ರ ದಶಕದಲ್ಲಿ ಒಂದು ಬೆಳಗ್ಗಿನ ತಿಂಡಿಯ ಜಾಹೀರಾತಿಗೆ ಅವರನ್ನೇ ತಂದರು. ಪೈನ್ ಮರವನ್ನೂ ತಿನ್ನಬಹುದು ಗೊತ್ತಾ ಅಂತ ಕೇಳುತ್ತಾ, ಕಾಡಿನ ಗಿಡಗಳನ್ನು ಕಿತ್ತು ತೋರಿಸುತ್ತಾ, ಕೊನೆಗೆ ಆ ತಿಂಡಿಯ ಪೊಟ್ಟಣವನ್ನು ಹೊಗಳುವುದು ಅವರ ಕೆಲಸ. ಜನ ನಕ್ಕರು, ಅನುಕರಣೆ ಮಾಡಿ ತಮಾಷೆ ಮಾಡಿದರು. ಆದರೆ 1975ರಲ್ಲಿ ಅಲ್ಲಿನ ಸರಕಾರಿ ವ್ಯಾಪಾರ ನಿಯಂತ್ರಣ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಈ ಜಾಹೀರಾತುಗಳಿಗೆ ತಡೆ ಹಾಕಿತು. ಕಾರಣ ಇಷ್ಟೇ: ಇದನ್ನು ನೋಡಿದ ಮಕ್ಕಳು ಹಿತ್ತಲಲ್ಲಿ ಸಿಕ್ಕ ಯಾವುದೋ ವಿಷದ ಗಿಡವನ್ನು ಬಾಯಿಗೆ ಹಾಕಿಕೊಂಡರೆ? ನೋಡಿ ಕಲಿಯುವವರಿಗೆ ಏನಾಗುತ್ತದೆ ಅನ್ನುವ ಪ್ರಶ್ನೆ ಅಂದರೆ ಅಷ್ಟು ಹಳೆಯದು.

ಬ್ರಿಟನ್ನಿನ ದಾರಿ ಸ್ವಲ್ಪ ಬೇರೆ. ಅಲ್ಲಿ 1972ರಲ್ಲಿ ರಿಚರ್ಡ್ ಮೇಬಿ ಬೇಲಿ ಬದಿಯ ಗಿಡಗಳನ್ನು ತಿನ್ನುವ ಬಗ್ಗೆ ಬರೆದರು. 1995ರಲ್ಲಿ ಹ್ಯೂ ಫರ್ನ್ಲಿ ವಿಟಿಂಗ್‌ಸ್ಟಾಲ್ ಚಾನೆಲ್ 4ಕ್ಕಾಗಿ ಗಾಡಿ ಕಟ್ಟಿಕೊಂಡು ಊರೂರು ತಿರುಗಿ, ಸಿಕ್ಕಿದ್ದನ್ನು ಕಿತ್ತು, ಹಿಡಿದು, ಅಡುಗೆ ಮಾಡಿ ತೋರಿಸಿದರು. 2007ರಲ್ಲಿ ಬಿಬಿಸಿಯಲ್ಲಿ ರೇ ಮಿಯರ್ಸ್ ಬಂದರು. ಜೊತೆಗೆ ಗೋರ್ಡನ್ ಹಿಲ್‌ಮನ್ ಅನ್ನುವ ಹಿರಿಯ ವಿಜ್ಞಾನಿ. ಬೇಸಾಯ ಬರುವ ಮೊದಲು ಅಲ್ಲಿನ ಜನ ಏನು ತಿನ್ನುತ್ತಿದ್ದರು ಅಂತ ಇಬ್ಬರೂ ಸೇರಿ ಗಿಡ ಗಿಡ ಹುಡುಕಿ, ಬೇಯಿಸಿ, ರುಚಿ ನೋಡಿದರು. ನನ್ನ ಮಟ್ಟಿಗೆ ಇಡೀ ಬಗೆಯಲ್ಲೇ ಒಳ್ಳೆಯ ಮಾದರಿ ಅದು. ಯಾಕೆಂದರೆ ಗೊತ್ತಿರುವವರೊಬ್ಬರು ಪಕ್ಕದಲ್ಲಿದ್ದರು, ಮತ್ತು ಯಾವುದಕ್ಕೂ ಅವಸರ ಇರಲಿಲ್ಲ.

ಅದೇ ಕಾಲದಲ್ಲಿ ನಮ್ಮ ಟೀವಿಯಲ್ಲಿ ಏನಿತ್ತು? ಮಲಯಾಳ ದೂರದರ್ಶನ 1985ರಲ್ಲಿ ಶುರುವಾಯಿತು. 1993ರಲ್ಲಿ ಮಲಯಾಳದ ಏಷ್ಯಾನೆಟ್, ಮರುವರ್ಷ ಕನ್ನಡದ ಉದಯ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಕೇಬಲ್ ಬಂದ ಮೇಲೆ ಎರಡೂ ಕಡೆಯದ್ದನ್ನು ನೋಡಿಕೊಂಡೇ ಬೆಳೆದವರು ನಾವು. ಹಿಂದಿಯಲ್ಲಿ ಸಂಜೀವ್ ಕಪೂರ್ ಅವರ ಅಡುಗೆ 1993ರಿಂದಲೇ ಬರುತ್ತಿತ್ತು. ಪನೀರ್, ಕ್ಯಾಪ್ಸಿಕಂ, ಬೇಬಿ ಕಾರ್ನ್ ಎಲ್ಲ ಟೀವಿಯಲ್ಲೇ ಮೊದಲು ಕಂಡದ್ದು. ಹೊರಗೆ ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಳೆ ಹೊಯ್ಯುತ್ತಿರುವಾಗ ಒಳಗೆ ತಟ್ಟೆಯಲ್ಲಿ ತಗಟೆ ಸೊಪ್ಪಿನ ಪಲ್ಯ, ಒಂದೆಲಗದ ತಂಬುಳಿ, ಮರಕೆಸುವಿನ ಪತ್ರೊಡೆ. ಅವು ಯಾವುವೂ ಟೀವಿಯಲ್ಲಿ ಇರಲಿಲ್ಲ. ಇರಬೇಕು ಅಂತ ಯಾರೂ ಕೇಳಲೂ ಇಲ್ಲ.

ಅದಕ್ಕೆ ಕಾರಣ ಇದೆ, ಮತ್ತು ಅದು ಸಣ್ಣದಲ್ಲ. ಆಟಿ ಅಂದರೆ ಭತ್ತ ತುಂಬಿಡುವ ಪತ್ತಾಯದ ತಳ ಕಾಣುವ ತಿಂಗಳು. ಏಣೆಲಿನ (ಮಳೆಗಾಲದ ಬೆಳೆಯ) ಪೈರು ಗದ್ದೆಯಲ್ಲಿ ಹಸಿರಾಗಿರುತ್ತದೆ, ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ, ಮಳೆಗೆ ಕೂಲಿ ಕೆಲಸವೂ ಇಲ್ಲ. ಆಗ ಗುಡ್ಡೆಯ ಸೊಪ್ಪು, ಕಣಿಲೆ (ಬಿದಿರಿನ ಮೊಳಕೆ), ಕೆಸು, ಹಲಸಿನ ಬೇಳೆ ಹೊಟ್ಟೆ ತುಂಬಿಸಿದ್ದು. ಔಷಧಿ ಗುಣ ಅಂತ ಹೇಳುವುದೂ ಇತ್ತು, ಸುಳ್ಳಲ್ಲ, ಆದರೆ ಮೊದಲ ಕಾರಣ ಹಸಿವು. ಅದನ್ನು ಅನುಭವಿಸಿದ ಅಜ್ಜಿಯಂದಿರಿಗೆ ಇವತ್ತು ಟೀವಿಯಲ್ಲಿ ಬಿಳಿ ತಟ್ಟೆಯಲ್ಲಿಟ್ಟ ತಗಟೆ ಸೊಪ್ಪು ಕಂಡರೆ ಖುಷಿಗಿಂತ ಮುಜುಗರವೇ ಜಾಸ್ತಿ. ಅವರ ಮೊಮ್ಮಕ್ಕಳಿಗೆ ಹೆಮ್ಮೆ. ಒಂದೇ ಮನೆಯಲ್ಲಿ, ಒಂದೇ ಕಾರ್ಯಕ್ರಮಕ್ಕೆ, ಎರಡು ಅಭಿಪ್ರಾಯ. ಎರಡೂ ನಿಜವೇ.

ಆಮೇಲೆ ಬಂದದ್ದು ಬ್ರಿಟನ್ನಿನ ಸಾಹಸಿ ಬೇರ್ ಗ್ರಿಲ್ಸ್. 2006ರಲ್ಲಿ ಡಿಸ್ಕವರಿಯಲ್ಲಿ ಶುರು. ಹುಳ, ಹಾವು, ಚೇಳು, ಏನು ಸಿಕ್ಕಿದರೂ ಬಾಯಿಗೆ. ಇಲ್ಲಿಗೆ ಬರುವಷ್ಟರಲ್ಲಿ ಕಾಡಿನ ಊಟ ಅಂದರೆ ಊಟವೇ ಅಲ್ಲ, ಧೈರ್ಯದ ಪರೀಕ್ಷೆ ಅಂತ ಆಗಿಬಿಟ್ಟಿತು. ನೋಡುಗರ ತಕರಾರೂ ಬದಲಾಯಿತು. 2007ರಲ್ಲಿ, ಕಾಡಲ್ಲಿ ಮಲಗಿದಂತೆ ತೋರಿಸಿ ಅವರು ಕೆಲವು ರಾತ್ರಿ ಹೋಟೆಲಲ್ಲಿ ಇದ್ದರು ಅಂತ ಸುದ್ದಿ ಬಂತು. ಕೆಲವು ಸನ್ನಿವೇಶಗಳನ್ನು ಬೇಕೆಂದೇ ಏರ್ಪಾಡು ಮಾಡಿದ್ದು ಅಂತ ಆಮೇಲೆ ಕಾರ್ಯಕ್ರಮದಲ್ಲೇ ಹೇಳಬೇಕಾಯಿತು. 2009ರಲ್ಲಿ ಆಸ್ಟ್ರೇಲಿಯಾದ ಕಾಡಲ್ಲಿ ನಡೆದ ಒಂದು ಬ್ರಿಟಿಷ್ ರಿಯಾಲಿಟಿ ಶೋದಲ್ಲಿ ಇಬ್ಬರು ಇಲಿ ಕೊಂದು ಬೇಯಿಸಿ ತಿಂದರು. ಪ್ರಾಣಿ ಹಿಂಸೆಯ ಕೇಸಾಗಿ ಐಟಿವಿ ಕಂಪನಿ 3,000 ಆಸ್ಟ್ರೇಲಿಯನ್ ಡಾಲರ್ ದಂಡ ಕಟ್ಟಿತು. ಬಲ್ಗೇರಿಯಾದ ರಿಲಾ ರಾಷ್ಟ್ರೀಯ ಉದ್ಯಾನದಲ್ಲಿ ಕಪ್ಪೆ ಕೊಂದು ಬೇಯಿಸಿದ್ದಕ್ಕೆ ಗ್ರಿಲ್ಸ್ ಅವರಿಗೂ ದಂಡ ಬಿತ್ತು. ನಿಜವೋ ನಾಟಕವೋ ಅನ್ನುವುದರ ಜೊತೆಗೆ ಇದು ಸರಿಯೋ ತಪ್ಪೋ ಅನ್ನುವ ಪ್ರಶ್ನೆಯೂ ಸೇರಿಕೊಂಡಿತು.

ನಮ್ಮ ದೇಶದಲ್ಲಿ ಈ ಕಾರ್ಯಕ್ರಮ ಮನೆಮನೆಯ ಮಾತಾದದ್ದು 2019ರ ಆಗಸ್ಟ್ 12ರಂದು, ಪ್ರಧಾನಿ ಮೋದಿ ಅವರು ಜಿಮ್ ಕಾರ್ಬೆಟ್ ಕಾಡಲ್ಲಿ ಗ್ರಿಲ್ಸ್ ಜೊತೆ ಕಾಣಿಸಿಕೊಂಡಾಗ. ಆಗಲೂ ಜನ ಕೇಳಿದ್ದು, ಮೋದಿಯವರ ಹಿಂದಿ ಗ್ರಿಲ್ಸ್ ಅವರಿಗೆ ಹೇಗೆ ಅರ್ಥವಾಯಿತು ಅಂತ. ಕಿವಿಯಲ್ಲಿದ್ದ ಅನುವಾದದ ಯಂತ್ರದ ಬಗ್ಗೆ ಪ್ರಧಾನಿಯೇ ರೇಡಿಯೋದಲ್ಲಿ ವಿವರಿಸಿದರು. ಬಂಡೀಪುರದಲ್ಲಿ ರಜನಿಕಾಂತ್ ಅವರ ಜೊತೆ ಚಿತ್ರೀಕರಿಸಿದ ಕಂತು ಪ್ರಸಾರವಾದದ್ದು 2020ರ ಮಾರ್ಚ್ 23ಕ್ಕೆ. ಎರಡೇ ದಿನದಲ್ಲಿ ಕೊರೊನಾದಿಂದ ದೇಶವೇ ಬಂದ್. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಜಿಲ್ಲೆಯ ಜನ ಪಟ್ಟ ಕಷ್ಟ ಇಲ್ಲಿ ಯಾರೂ ಮರೆತಿಲ್ಲ. ಆ ವಾರಗಳಲ್ಲಿ ಹಿತ್ತಲಿನ ಗುಜ್ಜೆ (ಎಳೆ ಹಲಸು), ಬಾಳೆದಿಂಡು, ನುಗ್ಗೆ ಸೊಪ್ಪು, ಬೇಲಿಯ ಕುಡಿಗಳೇ ತರಕಾರಿ. ಮರೆತುಹೋಗಿದ್ದ ಸೊಪ್ಪುಗಳ ಹೆಸರನ್ನು ಮಕ್ಕಳು ಹಿರಿಯರ ಹತ್ತಿರ ಮತ್ತೆ ಕೇಳತೊಡಗಿದರು. ಈಗ ಮಂಗಳೂರಿನ ಲೋಕಲ್ ಚಾನೆಲ್‌ಗಳಲ್ಲಿ ಆಟಿಯ ಅಡುಗೆಗೆ ಸಿಗುವ ಜಾಗ, ಮಲಯಾಳ ಚಾನೆಲ್‌ಗಳಲ್ಲಿ ಕರ್ಕಾಟಕ ತಿಂಗಳ ಹತ್ತು ಸೊಪ್ಪಿಗೆ ಸಿಗುವ ಜಾಗ, ಮೊಬೈಲಿನಲ್ಲಿ ಓಡುವ ಸಾವಿರ ವಿಡಿಯೋ, ಇವಕ್ಕೆಲ್ಲ ಆ ದಿನಗಳೂ ಒಂದು ದಾರಿ ಅಂತ ನಾನು ನಂಬುತ್ತೇನೆ.

ಈಗ ನಮ್ಮ ಕಡೆಯ ತಕರಾರಿಗೆ ಬರುತ್ತೇನೆ. ಕಣಿಲೆಯನ್ನೇ ತೆಗೆದುಕೊಳ್ಳಿ. ಟೀವಿಯಲ್ಲಿ ಬಿದಿರಿನ ಮೊಳಕೆ ಕಡಿಯುವುದನ್ನು ತೋರಿಸುತ್ತಾರೆ, ಸಿಪ್ಪೆ ಸುಲಿಯುವುದನ್ನು ತೋರಿಸುತ್ತಾರೆ, ಮುಂದಿನ ಶಾಟ್‌ನಲ್ಲಿ ಅದು ಒಗ್ಗರಣೆಯಲ್ಲಿ ಇರುತ್ತದೆ. ನಡುವೆ ಎರಡು ಮೂರು ದಿನ ಎಲ್ಲಿ ಹೋಯಿತು? ಸಿಪ್ಪೆ ಪದರ ಪದರವಾಗಿ ತೆಗೆದು, ಕತ್ತಿಗೆ ಸುಲಭವಾಗಿ ಸಿಗುವ ಎಳೆಯ ಭಾಗವನ್ನಷ್ಟೇ ಸಣ್ಣಗೆ ಕೊಚ್ಚಿ, ಮುಳುಗುವಷ್ಟು ನೀರಲ್ಲಿ ಹಾಕಿಡಬೇಕು. ದಿನಾ ನೀರು ಚೆಲ್ಲಿ ಹೊಸ ನೀರು ತುಂಬಬೇಕು. ಎರಡನೇ ದಿನಕ್ಕೆ ಅಡುಗೆಮನೆಯಲ್ಲೆಲ್ಲ ಒಂದು ಹುಳಿ ವಾಸನೆ. ಆಮೇಲೆ ಚೆನ್ನಾಗಿ ಬೇಯಿಸಿ, ಹೆಸರುಕಾಳು ಸೇರಿಸಿ ಗಸಿ ಮಾಡುವುದು. ಹಸಿ ಕಣಿಲೆಯಲ್ಲಿ ಟ್ಯಾಕ್ಸಿಫಿಲಿನ್ ಅನ್ನುವ ಅಂಶ ಇದೆ, ಅದು ಒಡೆದರೆ ಸಯನೈಡ್ ಬಿಡುತ್ತದೆ. ನೆನೆಸಿದಾಗ ಅದು ನೀರಿಗೆ ಇಳಿಯುತ್ತದೆ, ಕುದಿಸಿದಾಗ ಹಾರಿಹೋಗುತ್ತದೆ. ನಮ್ಮ ಹಿರಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಮಾಡುವ ಕ್ರಮ ಗೊತ್ತಿತ್ತು. ಆ ಕ್ರಮವೇ ನಿಜವಾದ ಪಾಕ. ಒಗ್ಗರಣೆ ಯಾರು ಬೇಕಾದರೂ ಹಾಕುತ್ತಾರೆ.

ಕೆಸುವೂ ಹಾಗೆಯೇ. ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹುಳಿ ಕಡಿಮೆಯಾದರೆ, ಬೇಯುವುದು ಸಾಲದಿದ್ದರೆ, ಗಂಟಲು ತುರಿಸಿ ಮಾತೇ ಹೊರಡುವುದಿಲ್ಲ. ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿ ಕೈ ಬಿಟ್ಟು ಹಾಕುವುದು ಬರೀ ರುಚಿಗೆ ಅಲ್ಲ. ಆದರೆ ಕಾರ್ಯಕ್ರಮದಲ್ಲಿ ಕೆಲವು ಸಲ 'ಹುಳಿ ನಿಮ್ಮ ರುಚಿಗೆ ತಕ್ಕಷ್ಟು' ಅಂತ ಹೇಳಿ ಮುಗಿಸುತ್ತಾರೆ. ಅದನ್ನು ಕೇಳಿ ಮೊದಲ ಸಲ ಪತ್ರೊಡೆ ಮಾಡುವ ಹುಡುಗಿಯ ಗತಿ ಏನು?

ಇದಕ್ಕಿಂತ ಗಂಭೀರವಾದದ್ದು ಆಟಿ ಅಮಾವಾಸ್ಯೆಯ ಪಾಲೆ ಕೆತ್ತೆಯ, ಅಂದರೆ ಹಾಲೆ ತೊಗಟೆಯ, ಕಷಾಯ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ಹಾಲೆ ಮರದ ತೊಗಟೆ ತೆಗೆಯುವುದು ಕ್ರಮ. ಗೊತ್ತಿರುವವರು ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿಟ್ಟು ಬರುತ್ತಾರೆ. ಅದೇ ಗುಡ್ಡೆಯಲ್ಲಿ ಕಾಸರಕದ ಮರವೂ ಇರುತ್ತದೆ, ಅದರ ತೊಗಟೆಯಲ್ಲಿ ಸ್ಟ್ರಿಕ್ನಿನ್ ವಿಷ. ಕತ್ತಲಲ್ಲಿ ಮರ ತಪ್ಪಿದರೆ ಜೀವಕ್ಕೇ ಅಪಾಯ. ಟೀವಿಯವರಿಗೆ ಬೆಳಗಿನ ಜಾವದ ಕತ್ತಲು, ಕಲ್ಲಿನ ಸದ್ದು, ಕಷಾಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಎಲ್ಲ ಚಂದದ ದೃಶ್ಯ. ಹಿಂದಿನ ದಿನದ ಗುರುತು ಹಾಕುವ ಕೆಲಸ ಯಾವುದರಲ್ಲೂ ಕಾಣುವುದಿಲ್ಲ.

ಅಣಬೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಮೊದಲ ಮಳೆ ಗುಡುಗಿಗೆ ಏಳುವ ಕಲ್ಲಣಬೆಯನ್ನು ನಮ್ಮಲ್ಲಿ ಮಣ್ಣು ಹೋಗುವವರೆಗೆ ಹತ್ತಾರು ನೀರಲ್ಲಿ ತೊಳೆದು, ಒಂದೊಂದನ್ನೇ ಕೊಯ್ದು ನೋಡುತ್ತಾರೆ. ಒಳಗೆ ಬಿಳಿ ಇದ್ದರೆ ಪಾತ್ರೆಗೆ, ಕಪ್ಪಾಗಿದ್ದರೆ ಹೊರಗೆ. ಇದು ಒಂದು ಜಾತಿಯ ಅಣಬೆಗೆ ಮಾತ್ರ ಹೇಳಿದ ಕ್ರಮ, ಎಲ್ಲದಕ್ಕೂ ನಡೆಯುವುದಿಲ್ಲ. ಕೆಲವು ಶೋಗಳಲ್ಲಿ ಸ್ವಲ್ಪ ನಾಲಿಗೆಗೆ ಇಟ್ಟು ನೋಡಿ, ಏನೂ ಆಗದಿದ್ದರೆ ತಿನ್ನಿ ಅನ್ನುವ ಧಾಟಿ ಇರುತ್ತದೆ. ಅಣಬೆಗೆ ಇದು ಶುದ್ಧ ಅಪಾಯ. ಅತಿ ವಿಷದ ಅಣಬೆ ತಿಂದರೆ ಮೊದಲ ಆರೇಳು ಗಂಟೆ ಏನೂ ಗೊತ್ತಾಗದೆ ಇರಬಹುದು, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ತೀರಿಕೊಂಡರು, ಹೆಚ್ಚಿನವರು ಚಹಾ ತೋಟದ ಕುಟುಂಬದವರು. ಅವರು ಯಾವ ಶೋ ನೋಡಿಯೂ ತಿಂದವರಲ್ಲ. ರೂಢಿ ಇರುವ ಕಡೆಯಲ್ಲೇ ಹೀಗಾದರೆ, ಟೀವಿ ನೋಡಿ ಹೊರಟವರ ಬಗ್ಗೆ ಹೆದರಿಕೆ ಆಗುವುದಿಲ್ವಾ?

ಕಾಸರಗೋಡಿನವರಿಗೆ ಮಾತ್ರ ಹೊಳೆಯುವ ಇನ್ನೊಂದು ಪ್ರಶ್ನೆ ಇದೆ. ಈ ಸೊಪ್ಪು ಬೆಳೆದ ನೆಲ ಯಾವುದು? ಎಣ್ಮಕಜೆ, ಪಡ್ರೆ ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಗುಡ್ಡೆಯ ನೆತ್ತಿಯಲ್ಲಿ ತೋಟ, ಇಳಿಜಾರಿನಲ್ಲಿ ಮನೆ, ಗುಡ್ಡೆ ಕೊರೆದ ಸುರಂಗದ ನೀರು, ತೋಡಿನ ಬದಿಯ ಒಂದೆಲಗ. ಪತ್ರಕರ್ತ ಶ್ರೀಪಡ್ರೆ, ವೈದ್ಯ ಮೋಹನ್ ಕುಮಾರ್ ಅವರಂಥವರು ಕೂಗಿ ಹೇಳಿದ ಮೇಲೆ ಹೊರಗಿನವರಿಗೆ ಗೊತ್ತಾಯಿತು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಹಾಗಾಗಿ ಟೀವಿಯಲ್ಲಿ ಯಾರಾದರೂ ಕಾಡಿನದ್ದು, ಶುದ್ಧ, ಕಣ್ಣು ಮುಚ್ಚಿ ತಿನ್ನಬಹುದು ಅಂದರೆ ನಮಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಪಕ್ಕದ ತೋಟಕ್ಕೆ ಏನು ಹೊಡೆಯುತ್ತಾರೆ, ರಸ್ತೆ ಬದಿಗೆ ಯಾವ ಕಳೆನಾಶಕ ಬಿದ್ದಿದೆ ಅಂತ ಕೇಳಿಕೊಂಡು ಸೊಪ್ಪು ಕೊಯ್ಯುವ ಒಂದೇ ಒಂದು ಕಂತನ್ನು ನಾನು ಈವರೆಗೆ ನೋಡಿಲ್ಲ.

ಕೊನೆಯದಾಗಿ, ಕಲಿಸಿದವರು ಯಾರು? ನಮ್ಮ ಗಡಿಯ ಪಂಚಾಯತುಗಳಲ್ಲಿ ಬಳ್ಳಿಯಿಂದ ಬುಟ್ಟಿ ಹೆಣೆಯುವ ಕೊರಗರಿಗೆ ಕಾಡುಗೆಣಸಿನ ಬಗ್ಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಸಮುದಾಯಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕು ಕೊಡುತ್ತದೆ, ಆದರೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅದು ಕೈಗೆ ಸಿಗಲು 2011ರವರೆಗೆ ಕಾಯಬೇಕಾಯಿತು. 2010ರಲ್ಲಿ ಬ್ರಿಟನ್ನಿನ ಹೆಸರಾಂತ ಬಾಣಸಿಗ ಗೋರ್ಡನ್ ರ್‍ಯಾಮ್ಸೆ ಛತ್ತೀಸಗಢದ ಬಸ್ತರಿಗೆ ಬಂದು ಇರುವೆ ಚಟ್ನಿ ತಿಂದದ್ದು ಜಗತ್ತಿಗೇ ಗೊತ್ತು. ಅರೆದು ಕೊಟ್ಟವರ ಹೆಸರು ಎಷ್ಟು ಜನಕ್ಕೆ ನೆನಪಿದೆ? ಒಡಿಶಾದ ಮಯೂರ್‌ಭಂಜದ ಇರುವೆ ಚಟ್ನಿಗೆ 2024ರ ಜನವರಿಯಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. ಸಾಹಸದ ಹೆಸರಲ್ಲಿ ತೋರಿಸುತ್ತಿದ್ದದ್ದು ಒಂದು ಜಿಲ್ಲೆಯ ಊಟ ಅಂತ ಕಾನೂನೇ ಒಪ್ಪಿಕೊಂಡಂತಾಯಿತು.

ಮುಂದಿನ ಆಟಿಗೆ ಕ್ಯಾಮೆರಾ ಹಿಡಿದು ನಮ್ಮ ಕಡೆ ಬರುವವರಿಗೆ ಒಂದು ಕೋರಿಕೆ. ಕಣಿಲೆ ನೀರಲ್ಲಿ ಹಾಕಿದ ದಿನವೇ ಬನ್ನಿ, ನೀರು ಬದಲಾಯಿಸುವ ದಿನವೂ ಇರಿ. ಗಿಡ ಗುರುತಿಸಿ ಕೊಟ್ಟವರ ಹೆಸರನ್ನು ತೆರೆಯ ಮೇಲೆ ಹಾಕಿ, ಅವರಿಗೂ ಆ ದಿನದ ಸಂಬಳ ಕೊಡಿ.