ಮೂತಿಯೊಳಗಿನ ನಿಂಬೆಹಣ್ಣು

ಮೊದಲ ಆರ್‌ಸಿ ವಿಮಾನಕ್ಕೆ (ರೇಡಿಯೊ ರಿಮೋಟಿನಿಂದ ಹಾರಿಸುವ ಪುಟ್ಟ ಮಾದರಿ ವಿಮಾನ) ಏನೇನು ಬೇಕು ಅಂತ ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಒಂದು ಫೈಟರ್ ಜೆಟ್ ಫೋಟೋ ತೋರಿಸುತ್ತಾರೆ. ಬೇಡ ಮಾರಾಯ್ರೆ. ರೆಕ್ಕೆ ಮೇಲ್ಗಡೆ ಇರುವ ಫೋಮ್ ಟ್ರೇನರ್, ಅಂದರೆ ಕಲಿಯುವವರ ವಿಮಾನ ತಗೊಳ್ಳಿ. ಅದು ಬೀಳುತ್ತದೆ, ಅಂಟು ಹಾಕಿ ಮತ್ತೆ ಹಾರಿಸುತ್ತೀರಿ. ಅದಕ್ಕೂ ಮೊದಲು ಕೆಲವು ವಾರ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಆಡಿ. ವಿಮಾನ ನಿಮ್ಮ ಕಡೆ ತಿರುಗಿ ಬರುವಾಗ ಎಡಬಲ ಅದಲುಬದಲಾಗುತ್ತದಲ್ಲ, ಅದನ್ನು ಬೆರಳೇ ಕಲಿಯಬೇಕು, ತಲೆಗೆ ಅಷ್ಟು ಪುರಸೊತ್ತು ಸಿಗುವುದಿಲ್ಲ.

ದುಡ್ಡು ಹಾಕುವುದಾದರೆ ರಿಮೋಟಿಗೆ ಹಾಕಿ, ಚಾರ್ಜರ್‌ಗೆ ಹಾಕಿ. ಹಿಂದೆ ರಿಮೋಟಿನಲ್ಲಿ ಕ್ರಿಸ್ಟಲ್ ಇರುತ್ತಿತ್ತು, ಅದು ರಿಮೋಟನ್ನು ಒಂದೇ ಚಾನಲ್‌ಗೆ ಕಟ್ಟಿಹಾಕುತ್ತಿತ್ತು. ಮೈದಾನದಲ್ಲಿ ಇನ್ನೊಬ್ಬ ಅದೇ ಚಾನಲ್ ಆನ್ ಮಾಡಿದರೆ ನಿಮ್ಮ ವಿಮಾನ ನೆಲಕ್ಕೆ. ಈಗಿನ 2.4 ಗಿಗಾಹರ್ಟ್ಸ್ ರಿಮೋಟ್‌ಗಳಲ್ಲಿ ಹೆಚ್ಚಿನವು ಒಂದೇ ಕಡೆ ನಿಲ್ಲದೆ ಚಾನಲ್‌ನಿಂದ ಚಾನಲ್‌ಗೆ ಕುಂಟೆಬಿಲ್ಲೆ ಆಡುತ್ತವೆ. ಹೀಗೆ ಜಿಗಿಯುವ ಉಪಾಯಕ್ಕೆ 1942ರಲ್ಲೇ ಪೇಟೆಂಟ್ ಪಡೆದವರಲ್ಲಿ ಹಾಲಿವುಡ್ ನಟಿ ಹೆಡಿ ಲಮಾರ್ ಒಬ್ಬರು! ಜೊತೆಗಿದ್ದವರು ಸಂಗೀತಗಾರ ಜಾರ್ಜ್ ಆಂಥೈಲ್. ಅವರು ಯೋಚಿಸಿದ್ದು ನೀರಿನಡಿ ಸಾಗುವ ಟಾರ್ಪೆಡೊವನ್ನು ರೇಡಿಯೊದಿಂದ ನಡೆಸುವುದಕ್ಕೆ; ಪಿಯಾನೊ ತನ್ನಷ್ಟಕ್ಕೆ ನುಡಿಯಲು ಬಳಸುವ ತೂತಿನ ಸುರುಳಿಯಂಥದ್ದೇ ಅದರ ಯಂತ್ರ, 88 ಚಾನಲ್.

ಈ ವಿಮಾನಗಳಿಗೆ ಹಾಕುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್‌ಗೆ 4.2 ವೋಲ್ಟ್ ಮಿತಿ. 3ಕ್ಕಿಂತ ಕೆಳಗಿಳಿದರೆ ಹಾಳು. ಹಾಗಾಗಿ ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಚಾರ್ಜಿಗೆ ಹಾಕಿ ಮಲಗಬೇಡಿ, ಊದಿಕೊಂಡದ್ದನ್ನು ಬಳಸಬೇಡಿ. 2021ರ ಡ್ರೋನ್ ನಿಯಮ ಬಂದಮೇಲೆ ಸರ್ಕಾರದ ನಕ್ಷೆಯಲ್ಲಿ ನಿಮ್ಮ ಮೈದಾನ ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಜಾಗದಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಬೇಕು.

ಇನ್ನು ಯಾವ ಅಂಗಡಿಯಲ್ಲೂ ಸಿಗದ ಸಲಕರಣೆ ಒಂದಿದೆ, ನಿಮ್ಮ ಎರಡು ತೋರುಬೆರಳು.

ನನ್ನ ಗೆಳೆಯನ ವಿಮಾನ ಎರಡು ಸಲ ಕೈಬಿಟ್ಟ ತಕ್ಷಣ ಮೂತಿ ಎತ್ತಿ, ಒಂದು ಕ್ಷಣ ನಿಂತು, ದೊಪ್ಪನೆ ಬಿತ್ತು. ಮೂರನೇ ಸಲ ಅವರಮ್ಮ ಕೊಟ್ಟ ನಿಂಬೆಹಣ್ಣನ್ನು ಮೂತಿಯೊಳಗೆ ಇಟ್ಟ. ಹಾರಿತು! 'ದೃಷ್ಟಿ ಆಗಿತ್ತು ಕಣೋ' ಅಂದ. ನನಗೆ ಸುಮ್ನೆ ಇರಲಾಗಲಿಲ್ಲ. ಹಣ್ಣು ತೂಗಿದೆ, 40 ಗ್ರಾಂ. ವಿಮಾನ 900 ಗ್ರಾಂ. ಹಣ್ಣು ಇದ್ದದ್ದು ತೂಕದ ಕೇಂದ್ರಕ್ಕಿಂತ (ವಿಮಾನ ಅತ್ತಿತ್ತ ವಾಲದೆ ನಿಲ್ಲುವ ಜಾಗ) 20 ಸೆಂಟಿಮೀಟರ್ ಮುಂದೆ. 40ನ್ನು 20ರಿಂದ ಗುಣಿಸಿ 940ರಿಂದ ಭಾಗಿಸಿ: ಕೇಂದ್ರ ಸುಮಾರು 0.85 ಸೆಂಟಿಮೀಟರ್ ಮುಂದೆ ಸರಿದಿತ್ತು.

ಅಷ್ಟಕ್ಕೇ ಹಾರುತ್ತದಾ? ಹಾರುತ್ತದೆ. ಬಾಣದ ತುದಿಗೆ ಭಾರ, ಹಿಂದೆ ಗರಿ ಯಾಕೆ ಹೇಳಿ? ಗಾಳಿಯ ಹಿಡಿತ ಭಾರಕ್ಕಿಂತ ಹಿಂದೆ ಇರಬೇಕು. ಆಗ ಮೂತಿ ಎದ್ದರೂ ಗಾಳಿ ಬಾಲವನ್ನು ಎತ್ತಿ ನೆಟ್ಟಗೆ ಮಾಡುತ್ತದೆ. ಭಾರ ಹಿಂದಾದರೆ ಸೈಕಲ್ ಕ್ಯಾರಿಯರ್‌ಗೆ ಅಕ್ಕಿಮೂಟೆ ಕಟ್ಟಿದ ಹಾಗೆ, ಮುಂದಿನ ಚಕ್ರ ಎದ್ದೇ ಹೋಗುತ್ತದೆ. ಇಲ್ಲ, ಸೈಕಲ್ ಅಷ್ಟು ಸರಿಯಾದ ಹೋಲಿಕೆ ಅಲ್ಲ; ಪೊರಕೆಯನ್ನು ಅಂಗೈ ಮೇಲೆ ನಿಲ್ಲಿಸಿದ ಹಾಗೆ ಅನ್ನಿ, ಸ್ವಲ್ಪ ವಾಲಿದರೆ ಇನ್ನೂ ಜಾಸ್ತಿ ವಾಲುತ್ತದೆ. ಅದೇ ಪೊರಕೆಯನ್ನು ದಾರದ ತುದಿಗೆ ಕಟ್ಟಿ ನೇತುಹಾಕಿದ್ದರೆ ತೂಗಾಡಿ ತಾನೇ ಸರಿಹೋಗುತ್ತದೆ.

ಆ ಎರಡು ತೋರುಬೆರಳಿನ ಕೆಲಸ ಇಲ್ಲಿದೆ: ರೆಕ್ಕೆಯ ಮುಂದಂಚಿನಿಂದ ಹಿಂದಂಚಿಗೆ ಇರುವ ಅಗಲದಲ್ಲಿ, ಮುಂದಿನಿಂದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ, ಎರಡೂ ರೆಕ್ಕೆಯ ಕೆಳಗೆ ತೋರುಬೆರಳಿಟ್ಟು ಎತ್ತಿ. ಬಾಲ ಇಳಿದರೆ ಹಾರಿಸಬೇಡಿ.

ನಾವು ಹಣ್ಣು ತೆಗೆದು, 180 ಗ್ರಾಂ ಬ್ಯಾಟರಿಯನ್ನು ನಾಲ್ಕು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಮುಂದೆ ತಳ್ಳಿದೆವು. ಆಗಲೂ ಹಾರಿತು. ಹಣ್ಣಿನ ಪಾನಕ ಮಾಡಿದೆ. ದೃಷ್ಟಿ ತೆಗೆದದ್ದು ಅಂತ ಅವನು ಲೋಟ ಮುಟ್ಟಲಿಲ್ಲ.