ಹೊಲೊಗ್ರಾಮ್: ಬೆಳಕಿನ ಅಲೆಗಳ ಅಚ್ಚು

ವಸ್ತುವೊಂದರಿಂದ ಚದುರಿ ಬರುವ ಬೆಳಕಿನ ತೀವ್ರತೆಯನ್ನಷ್ಟೇ ಅಲ್ಲದೆ, ಆ ಬೆಳಕಿನ ಅಲೆಗಳು ಏರಿಳಿತದ ಯಾವ ಹಂತದಲ್ಲಿದ್ದವು ಎಂಬುದನ್ನೂ ಸೆರೆಹಿಡಿದ ದಾಖಲೆಗೆ ಹೊಲೊಗ್ರಾಮ್ ಎಂದು ಹೆಸರು. ಸಾಮಾನ್ಯ ಛಾಯಾಚಿತ್ರದಲ್ಲಿ ಅಲೆಯ ಹಂತ ಅಳಿಸಿಹೋಗುತ್ತದೆ; ಅದರೊಂದಿಗೆ ದೃಶ್ಯದ ಆಳವೂ ಕಳೆದುಹೋಗುತ್ತದೆ. ಹೊಲೊಗ್ರಾಮ್ ತಯಾರಿಸುವಾಗ ಒಂದೇ ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ವಸ್ತುವಿನ ಮೇಲೆ ಬೀಳಿಸಿ ಅಲ್ಲಿಂದ ಚದುರಿದ ಬೆಳಕನ್ನೂ, ಇನ್ನೊಂದು ಭಾಗವನ್ನು ನೇರವಾಗಿಯೂ ಬೆಳಕನ್ನು ದಾಖಲಿಸುವ ಫಲಕಕ್ಕೆ ತಲುಪಿಸುತ್ತಾರೆ. ಇವೆರಡರ ವ್ಯತಿಕರಣದಿಂದ, ಅಂದರೆ ಅಲೆಗಳು ಒಂದರೊಡನೊಂದು ಬೆರೆತು ಕೆಲವೆಡೆ ಬಲಗೊಂಡು ಕೆಲವೆಡೆ ಕುಂದುವುದರಿಂದ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಟ್ಟಿಗಳು ಫಲಕದಲ್ಲಿ ಮೂಡುತ್ತವೆ. ಮುಂದೆ ತಕ್ಕ ಬೆಳಕನ್ನು ಹಾಯಿಸಿದರೆ ಮೂಲ ಅಲೆಗಳೇ ಮತ್ತೆ ಹುಟ್ಟಿಬರುವುದರಿಂದ, ನೋಡುವವರು ತಲೆ ಸರಿಸಿದಾಗ ಮರೆಯಲ್ಲಿದ್ದ ಭಾಗವೂ ಕಾಣಿಸುತ್ತದೆ. ಫಲಕ ಒಡೆದರೂ ಒಂದೊಂದು ಚೂರಿನಲ್ಲಿಯೂ, ಕಿರುಕಿಟಕಿಯಿಂದ ನೋಡಿದಂತೆ, ಇಡೀ ದೃಶ್ಯ ಉಳಿದಿರುತ್ತದೆ. ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಬೆರಗು ಇದೇ.

1947ರಲ್ಲಿ ಇಂಗ್ಲೆಂಡಿನಲ್ಲಿದ್ದ ಹಂಗೇರಿ ಮೂಲದ ವಿಜ್ಞಾನಿ ಡೆನಿಸ್ ಗಾಬೋರ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಉತ್ತಮಪಡಿಸಲು ಹೊರಟು ಈ ತತ್ತ್ವವನ್ನು ಕಂಡುಕೊಂಡರು. ಆದರೆ ಇದಕ್ಕೆ ಬೇಕಾದ, ಅಲೆಗಳೆಲ್ಲ ಹೆಜ್ಜೆ ತಪ್ಪದೆ ಒಟ್ಟಾಗಿ ಸಾಗುವ ಶಿಸ್ತಿನ ಪ್ರಬಲ ಬೆಳಕು ಆಗ ಇರಲಿಲ್ಲ. 1960ರಲ್ಲಿ ಲೇಸರ್ ಬಂದ ಬಳಿಕವೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಎಮೆಟ್ ಲೀತ್ ಹಾಗೂ ಯೂರಿಸ್ ಉಪಾಟ್ನಿಯೆಕ್ಸ್ ಮೂರು ಆಯಾಮದ ಸ್ಪಷ್ಟ ಹೊಲೊಗ್ರಾಮ್‌ಗಳನ್ನು ಮಾಡಿ ತೋರಿಸಿದರು. ಗಾಬೋರ್ ಅವರಿಗೆ 1971ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ವೇದಿಕೆಯ ಮೇಲೆ ಗಾಳಿಯಲ್ಲಿ ನಿಂತಂತೆ ಕಾಣುವ ಆಕೃತಿಗಳನ್ನೂ ಇಂದು ಹೊಲೊಗ್ರಾಮ್ ಎನ್ನುವುದುಂಟು. ಅವುಗಳಲ್ಲಿ ಹೆಚ್ಚಿನವು ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಹಾಳೆಯಲ್ಲಿ ಕಾಣುವ ಪ್ರತಿಬಿಂಬಗಳು, ಇಲ್ಲವೇ ಪ್ರೊಜೆಕ್ಟರಿನ ಚಿತ್ರಗಳು. 2022ರ ಜನವರಿ 23ರಂದು ದೆಹಲಿಯ ಇಂಡಿಯಾ ಗೇಟ್ ಬಳಿ ಅನಾವರಣಗೊಂಡ, 28 ಅಡಿ ಎತ್ತರದ ನೇತಾಜಿಯವರ ಹೊಲೊಗ್ರಾಮ್ ಪ್ರತಿಮೆಯನ್ನು ಸಹ ಪಾರದರ್ಶಕ ಪರದೆಯ ಮೇಲೆ ಪ್ರೊಜೆಕ್ಟರ್ ಮೂಲಕವೇ ಮೂಡಿಸಲಾಗಿತ್ತು. ನೋಟ ಭವ್ಯವಾಗಿದ್ದರೂ ಅಲ್ಲಿ ಅಲೆಗಳ ದಾಖಲೆ ಇರುವುದಿಲ್ಲ ಎಂಬ ವ್ಯತ್ಯಾಸವನ್ನು ಶಾಲಾ ಮಕ್ಕಳಿಗಾದರೂ ತಿಳಿಸಿಕೊಡಬೇಕು.

ದಿನಬಳಕೆಯಲ್ಲಿ ನಮ್ಮ ಕಣ್ಣಿಗೆ ಹೆಚ್ಚು ಬೀಳುವುದು ಕ್ರೆಡಿಟ್ ಕಾರ್ಡು, ಮತದಾರರ ಗುರುತಿನ ಚೀಟಿ ಮುಂತಾದವುಗಳ ಮೇಲಿನ ಮಿರುಗುವ ಗುರುತು. ಕರ್ನಾಟಕದಲ್ಲಿ ಹಳೆಯ ವಾಹನಗಳಿಗೂ ಕಡ್ಡಾಯಗೊಳಿಸಿದ ಅತಿ ಸುರಕ್ಷಿತ ನೋಂದಣಿ ಫಲಕದ ಎಡಮೇಲ್ತುದಿಯಲ್ಲಿ, ಅಶೋಕಚಕ್ರವಿರುವ 20 ಮಿ.ಮೀ. ಅಳತೆಯ ಕ್ರೋಮಿಯಂ ಹೊಲೊಗ್ರಾಮನ್ನು ಬಿಸಿಯಾಗಿ ಒತ್ತಿರುತ್ತಾರೆ. ಇಂಥವುಗಳಲ್ಲಿ ಎಷ್ಟೋ ವಿನ್ಯಾಸಗಳನ್ನು ಈಗ ಕಂಪ್ಯೂಟರಿನಿಂದಲೇ ರೂಪಿಸಲಾಗುತ್ತದೆ. ಆದರೂ ಅಲ್ಲಿ ಬಣ್ಣವನ್ನು ಕೊಡುವುದು ಶಾಯಿಯಲ್ಲ, ಸೂಕ್ಷ್ಮ ಗೆರೆಗಳು. ಜೆರಾಕ್ಸ್ ಯಂತ್ರ ಬೆಳಕಿನ ಪ್ರಮಾಣವನ್ನಷ್ಟೇ ಗ್ರಹಿಸಬಲ್ಲದು. ಆದ್ದರಿಂದಲೇ ಅದರ ಪ್ರತಿಯಲ್ಲಿ ನೋಡುವ ಕೋನಕ್ಕೆ ತಕ್ಕಂತೆ ಬದಲಾಗುವ ಬಣ್ಣ ಬಾರದೆ, ಮಂಕಾದ ಒಂದು ಕಲೆ ಮಾತ್ರ ಉಳಿಯುತ್ತದೆ.