ತಂಬಾಕು ಪೂರೈಕೆ ಇಳಿದರೆ ಸೇದುವವರೂ ಕಡಿಮೆಯಾದರು ಅಂತಾನಾ?

ಓದುಗರ ಪ್ರಶ್ನೆ: ಒಂದು ದೇಶದ ತಂಬಾಕಿನ 'ದೇಶೀಯ ಪೂರೈಕೆ' ಐವತ್ತು ಅರವತ್ತು ವರ್ಷಗಳಿಂದ ಇಳಿಯುತ್ತಾ ಬಂದಿರುವ ಗ್ರಾಫ್ ನೋಡಿದೆ. ಅಲ್ಲಿ ತಂಬಾಕಿನ ಚಟವೂ ಅಷ್ಟೇ ಇಳಿದಿದೆ ಅಂತ ಹೇಳಬಹುದಾ?

ಅದೊಂದೇ ಗ್ರಾಫ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ಇಳಿದಿರಬಹುದು, ಇಳಿಯದೆಯೂ ಇರಬಹುದು.

ಪೂರೈಕೆ ಅಂದರೆ ಬೆಳೆದದ್ದು ಅಂತ ಬಹಳ ಜನ ತಿಳಿಯುತ್ತಾರೆ. ಎರಡೂ ಬೇರೆ ಬೇರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಹಾಕುವುದು ಹೀಗೆ: ದೇಶದಲ್ಲಿ ಬೆಳೆದದ್ದಕ್ಕೆ ಆಮದನ್ನು ಕೂಡಿಸಬೇಕು, ರಫ್ತನ್ನು ಕಳೆಯಬೇಕು. ಆ ವರ್ಷ ಗೋದಾಮಿನಿಂದ ಹಳೆಯ ದಾಸ್ತಾನು ತೆಗೆದಿದ್ದರೆ ಅದನ್ನೂ ಸೇರಿಸಬೇಕು, ಹೊಸದಾಗಿ ತುಂಬಿಸಿಟ್ಟಿದ್ದರೆ ಅಷ್ಟನ್ನು ಕಳೆಯಬೇಕು. ಕೊನೆಗೆ ಉಳಿಯುವುದು ದೇಶದೊಳಗಿನ ಬಳಕೆಗೆ ಸಿಕ್ಕ ತಂಬಾಕು.

ಜಿಂಬಾಬ್ವೆಯನ್ನೇ ನೋಡಿ. 2000ದಲ್ಲಿ ಅಲ್ಲಿ ಸುಮಾರು 23 ಕೋಟಿ ಕಿಲೋ ತಂಬಾಕು ಬೆಳೆದಿತ್ತು. ದೊಡ್ಡ ಜಮೀನುಗಳನ್ನು ವಶಪಡಿಸಿಕೊಂಡು ಹಂಚಿದ ಮೇಲೆ ಬೆಳೆ ಕುಸಿಯಿತು. 2008ರಲ್ಲಿ 5 ಕೋಟಿ ಕಿಲೋ ಕೂಡ ಬರಲಿಲ್ಲ. ಆಮೇಲೆ ಸಣ್ಣ ರೈತರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೆದರು. 2023ರಲ್ಲಿ 29 ಕೋಟಿ ಕಿಲೋ ದಾಟಿತು. ಆದರೆ ಆ ಎಲೆ ಹೆಚ್ಚುಕಡಿಮೆ ಪೂರ್ತಿ ರಫ್ತಾಗುತ್ತದೆ. ಅಲ್ಲಿಯ ಜನ ಎಷ್ಟು ಸೇದುತ್ತಾರೆ ಅನ್ನುವುದನ್ನು ಆ ಏರಿಳಿತದಲ್ಲಿ ಹುಡುಕಿದರೆ ಸಿಗುವುದಿಲ್ಲ.

ದಾಸ್ತಾನಿನದು ಇನ್ನೊಂದು ತೊಡಕು. ಹದ ಮಾಡಿದ ಎಲೆಯನ್ನು ಕೂಡಲೇ ಸಿಗರೇಟಿಗೆ ತುಂಬುವುದಿಲ್ಲ. ಒಂದೆರಡು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ, ಗೋದಾಮಿನಲ್ಲಿಟ್ಟು ಮಾಗಿಸುತ್ತಾರೆ. ಹಾಗಾಗಿ ಒಂದು ವರ್ಷದ ಅಂಕಿ ದಿಢೀರನೆ ಏರಿದರೆ ಗಾಬರಿ ಬೇಡ. ಮೂರರಿಂದ ಐದು ವರ್ಷದ ಸರಾಸರಿ ತೆಗೆದು ನೋಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಮಾತ್ರ ಬೇರೆ. ಸಿಗರೇಟೇ ಬದಲಾಗಿದೆ. ಅಮೆರಿಕದಲ್ಲಿ 1950ರಲ್ಲಿ ಮಾರಾಟವಾದ ಸಿಗರೇಟುಗಳಲ್ಲಿ ಫಿಲ್ಟರ್ ಇದ್ದವು ನೂರಕ್ಕೆ ಒಂದೂ ಇರಲಿಲ್ಲ. 1980ರ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ. ಫಿಲ್ಟರ್ ಕೂತ ಜಾಗದಲ್ಲಿ ಎಲೆ ಇರುವುದಿಲ್ಲ, ಅಲ್ವಾ? ಮೊದಲು ಎಸೆಯುತ್ತಿದ್ದ ನರ, ಪುಡಿ, ಚೂರುಗಳನ್ನು ಅರೆದು ಕಾಗದದ ಹಾಗೆ ಹಾಳೆ ಮಾಡಿ, ಅದನ್ನೇ ಕತ್ತರಿಸಿ ತುಂಬುವುದನ್ನು ಕಲಿತರು. ಕತ್ತರಿಸಿದ ಎಲೆಯನ್ನು ಉಬ್ಬಿಸುವ ವಿದ್ಯೆಯೂ ಬಂತು. ಸ್ವಲ್ಪ ಎಲೆಯಲ್ಲೇ ಕೊಳವೆ ತುಂಬುತ್ತದೆ. ಹೀಗೆ ಅದೇ ಕಿಲೋ ಎಲೆಯಿಂದ ಮೊದಲಿಗಿಂತ ಎಷ್ಟೋ ಹೆಚ್ಚು ಸಿಗರೇಟು ಬರತೊಡಗಿದವು. ಸೇದುವವನು ದಿನಕ್ಕೆ ಅಷ್ಟೇ ಸೇದುತ್ತಿದ್ದರೂ ತೂಕದ ಲೆಕ್ಕ ಇಳಿಯುತ್ತದೆ. ಇದನ್ನು ಆರೋಗ್ಯದ ಗೆಲುವು ಅಂತ ಓದಿದರೆ ದೊಡ್ಡ ತಪ್ಪಾಗುತ್ತದೆ.

ಅದೇ ಅಮೆರಿಕದಲ್ಲಿ ನಿಜವಾದ ಇಳಿಕೆಯೂ ಆಗಿದೆ. ವಯಸ್ಕರೊಬ್ಬರ ಸರಾಸರಿ 1963ರಲ್ಲಿ ವರ್ಷಕ್ಕೆ 4,300 ಸಿಗರೇಟು ದಾಟಿತ್ತು. ಅದೇ ಶಿಖರ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ಸರ್ಕಾರದ ವರದಿ 1964ರ ಜನವರಿಯಲ್ಲಿ ಹೇಳಿತು. 1965ರಲ್ಲಿ ವಯಸ್ಕರಲ್ಲಿ ನೂರಕ್ಕೆ 42 ಮಂದಿ ಸೇದುತ್ತಿದ್ದರು. 2021ಕ್ಕೆ ಅದು ಸುಮಾರು 11.5ಕ್ಕೆ ಬಂತು. ಇದು ಗೊತ್ತಾದದ್ದು ಎಲೆ ತೂಗಿ ಅಲ್ಲ, ಜನರನ್ನು ಕೇಳಿ.

ಆಸ್ಟ್ರೇಲಿಯಾದ ಕಥೆ ಇನ್ನೂ ವಿಚಿತ್ರ. ಅಲ್ಲಿ ಪರವಾನಗಿ ಪಡೆದ ರೈತರ ತಂಬಾಕು ಬೇಸಾಯ 2006ಕ್ಕೆ ಮುಗಿಯಿತು. ಮುಂದಿನ ಹತ್ತು ವರ್ಷದೊಳಗೆ ದೊಡ್ಡ ಸಿಗರೇಟ್ ಕಾರ್ಖಾನೆಗಳೂ ಬಾಗಿಲು ಹಾಕಿದವು. ಕಾನೂನುಬದ್ಧ ಬೆಳೆ ಇಲ್ಲ, ಎಲೆ ತರಿಸಿಕೊಳ್ಳುವ ದೊಡ್ಡ ಕಾರ್ಖಾನೆಯೂ ಇಲ್ಲ. ಹಾಗಂತ ಸೇದುವವರು ಇಲ್ಲವಾಗಲಿಲ್ಲ. ಸಿಗರೇಟು ತಯಾರಾಗಿಯೇ ಹೊರಗಿನಿಂದ ಬರುತ್ತದೆ. ಕದ್ದು ಬೆಳೆದ, ಕದ್ದು ತಂದ ತಂಬಾಕಿಗೆ ಅಲ್ಲಿ 'ಚಾಪ್-ಚಾಪ್' ಎಂದೇ ಹೆಸರು. ಅದು ಪೂರೈಕೆಯ ಲೆಕ್ಕಕ್ಕೆ ಸಿಗುವುದಿಲ್ಲ.

ಆದ್ದರಿಂದ ನೀವು ನೋಡಿದ ಗ್ರಾಫ್ ಕಚ್ಚಾ ಎಲೆಯದಾ, ತಯಾರಾದ ಸಿಗರೇಟನ್ನೂ ಸೇರಿಸಿದ್ದಾ ಅಂತ ಮೊದಲು ನೋಡಿ. ಆಮೇಲೆ ಅದನ್ನು ವಯಸ್ಕರ ಸಂಖ್ಯೆಯಿಂದ ಭಾಗಿಸಿ. ಜನಸಂಖ್ಯೆ ಎರಡು ಪಟ್ಟಾಗಿ ಪೂರೈಕೆ ಅಷ್ಟೇ ನಿಂತಿದ್ದರೆ ತಲೆಗೆ ಸಿಕ್ಕಿದ್ದು ಅರ್ಧ. ಕೊನೆಗೆ ಆ ದೇಶದ ಆರೋಗ್ಯ ಸಮೀಕ್ಷೆಯ ಪಕ್ಕದಲ್ಲಿಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಸಮೀಕ್ಷೆಗಳ ಆಧಾರದ ಮೇಲೆ ಜಗತ್ತಿನ ಅಂದಾಜು ಕೊಟ್ಟಿದೆ: 2000ದಲ್ಲಿ ಮೂವರು ವಯಸ್ಕರಲ್ಲಿ ಒಬ್ಬರು ತಂಬಾಕು ಬಳಸುತ್ತಿದ್ದರು, 2022ರಲ್ಲಿ ಐವರಲ್ಲಿ ಒಬ್ಬರು. ಇಷ್ಟು ಇಳಿದ ಮೇಲೂ ಆ ವರ್ಷ ಬಳಸುತ್ತಿದ್ದವರು ಸುಮಾರು 125 ಕೋಟಿ ಜನ.